ರೇಡಿಯೋಹೆಡ್‌ನ 2016ರ ಆಲ್ಬಂ ವಿನೈಲ್ (ಸೂಜಿ ಇಟ್ಟು ಕೇಳೋ ಡಿಸ್ಕ್) ತಗೊಳ್ಳೋದಾ ಬೇಡ್ವಾ? ಅನುಭವ ಇರೋರು ಹೇಳಿ

ಓಕೆ ಕಂಪ್ಯೂಟರ್ ಆಲ್ಬಂ ಬಿಟ್ರೆ ಈ ಇಂಗ್ಲಿಷ್ ರಾಕ್ ಬ್ಯಾಂಡಿಂದು ನಾನು ಜಾಸ್ತಿ ಕೇಳಿಲ್ಲ. ಈ 2016ರದ್ದು, ಎ ಮೂನ್ ಶೇಪ್ಡ್ ಪೂಲ್, ಫೋನಲ್ಲಿ ಎರಡು ಸಲ ಹಾಕ್ದೆ, ಎರಡು ಸಲಾನೂ ನಾಲ್ಕನೇ ಹಾಡಿಗೆ ನಿದ್ದೆ. ಆದ್ರೂ ಏನೋ ಸೆಳೀತಿದೆ. ವಿನೈಲಲ್ಲಿ ಬೇರೆ ಥರ ಇರುತ್ತಾ, ಇಲ್ಲ ದುಡ್ಡು ದಂಡನಾ?

ಹಳೇಸೂಜಿ: ನನ್ ಕಥೆ ಕೇಳಿ. ಮೇ ತಿಂಗಳಲ್ಲಿ ಡೌನ್‌ಲೋಡ್ ತಗೊಂಡೆ, ಜೂನಲ್ಲಿ ಸಿಡಿ ಬಂತು ಅದೂ ತಗೊಂಡೆ, ಸಾಲದು ಅಂತ ಸ್ಪೆಷಲ್ ಎಡಿಷನ್‌ಗೂ ಕಟ್ಟಿ ಸೆಪ್ಟೆಂಬರ್ ತನಕ ಕಾದೆ, ಅಂದ್ರೆ ಅದೇ 52 ನಿಮಿಷಕ್ಕೆ ಮೂರು ಸಲ ದುಡ್ಡು. ಬಂದ ಡಿಸ್ಕಲ್ಲಿ ಒಂದು ಸೊಟ್ಟ. ಭಾರ ಹೇರಿಟ್ಟು ಎರಡು ವಾರ ನೋಡ್ದೆ, ಆಗ್ಲಿಲ್ಲ. ಹೊಸ ಕಾರ್ಟ್ರಿಡ್ಜ್ (ಸೂಜಿ ಕೂರೋ ಭಾಗ) ಹಾಕಿದೆ, ಅದು ಡಿಸ್ಕಿಗಿಂತ ದುಬಾರಿ. ಈಗ ಸೂಜಿ ಹಾರಲ್ಲ, ಆದ್ರೆ ಗ್ಲಾಸ್ ಐಸ್ ಅನ್ನೋ ಥರದ ಮೆತ್ತಗಿರೋ ಹಾಡಲ್ಲಿ ಒಣ ಎಲೆ ತುಳಿದಂಗೆ ಚಟಪಟ. ಆದ್ರೂ ಬರ್ನ್ ದ ವಿಚ್‌ನಲ್ಲಿ ವಯಲಿನ್‌ನೋರು ಗಿಟಾರ್ ಮೀಟೋ ಪ್ಲೆಕ್ಟ್ರಮ್‌ನಲ್ಲಿ ತಂತಿಗೆ ಹೊಡೆಯೋದು ಇದ್ಯಲ್ಲ, ಅದು ರೂಮಲ್ಲೇ ನಡೀತಿದೆ ಅನ್ಸುತ್ತೆ. ಪಶ್ಚಾತ್ತಾಪ ಇಲ್ಲ.

ಡ್ರಮ್‌ತಲೆ: ಪಶ್ಚಾತ್ತಾಪ ಇಲ್ಲ ಅನ್ನೋಕೆ ಇಷ್ಟುದ್ದ ಬರೀಬೇಕಾ. ನಾನು 2011ರಲ್ಲೇ ಪಾಠ ಕಲಿತೆ, ಇವರದ್ದೇ ಆಲ್ಬಂ ಕಿಂಗ್ ಆಫ್ ಲಿಂಬ್ಸ್‌ನ ನ್ಯೂಸ್‌ಪೇಪರ್ ಎಡಿಷನ್ ತರಿಸಿ. ಎಂಟೇ ಹಾಡು, ಎರಡು ಹತ್ತಿಂಚಿನ ಪಾರದರ್ಶಕ ಡಿಸ್ಕು, ಜೊತೆಗೆ 625 ಪುಟಾಣಿ ಚಿತ್ರ. ಪೇಪರ್ ಹಳದಿಯಾಯ್ತು, ಚಿತ್ರ ಎಣಿಸೋಕೆ ಕೂತು ಇನ್ನೂರಕ್ಕೆ ಬಿಟ್ಟೆ. ಮೂನ್ ಶೇಪ್ಡ್‌ಗೆ ಚಿಲ್ಲರೆ ಕಾಸೂ ಬಿಚ್ಚಲಿಲ್ಲ. ಗಿಟಾರ್ ಎಲ್ಲಿದೆ ಅದ್ರಲ್ಲಿ? ಹಾಡುಗಳ ಕ್ರಮಾನೂ ಎಬಿಸಿಡಿ ಪ್ರಕಾರ, ಯೋಚ್ನೆ ಮಾಡೋಕೂ ಸೋಮಾರಿತನ.

ನಿದ್ದೆಗೆಟ್ಟವಳು: ಐಡೆಂಟಿಕಿಟ್ ಹಾಡಿನ ಕೊನೇಲಿ ಗಿಟಾರ್ ಸೋಲೋ ಬರುತ್ತೆ, ಅಲ್ಲಿವರೆಗೂ ಕೇಳಿದ್ದೀರಾ? ಟ್ರೂ ಲವ್ ವೇಟ್ಸ್ ಕೊನೆಗೆ ಬರ್ಲೇಬೇಕಿತ್ತು, ಅಕ್ಷರ ಲೆಕ್ಕ ತಾನಾಗೇ ಕೂತಿದೆ. ಆ ಹಾಡು 1995ರಿಂದ ಸ್ಟೇಜ್ ಮೇಲೆ ಹಾಡ್ತಿದ್ರು. ನಾನು 2001ರ ಲೈವ್ ರೆಕಾರ್ಡಿಂಗ್ ಕೇಳ್ಕೊಂಡೇ ಗಿಟಾರ್ ಕಲಿತವ್ಳು, ಬೆರಳು ಬೊಬ್ಬೆ ಬಂದಿತ್ತು. ಇಲ್ಲಿ ಬರೀ ಪಿಯಾನೋ. ಸಿಟ್ಟು ಬಂದು ಒಂದು ವರ್ಷ ಮುಟ್ಲಿಲ್ಲ. ಆಮೇಲೆ ನನ್ ಸಂಸಾರಾನೂ ಮುರಿದಾಗ ಒಂದ್ ರಾತ್ರಿ ಹೆಡ್‌ಫೋನಲ್ಲಿ ಹಾಕ್ದೆ. ಬ್ಯಾಂಡಿನ ಹಾಡುಗಾರ ಥಾಮ್ ಯಾರ್ಕ್ 23 ವರ್ಷದ ಸಂಗಾತಿಯಿಂದ ಬೇರೆಯಾದ ಮರುವರ್ಷದ ಆಲ್ಬಂ ಇದು, ಆಗ ಅರ್ಥ ಆಯ್ತು. ಹತ್ತು ಸಾವಿರ ಡಿಸ್ಕಿಟ್ಕೊಂಡ್ರೂ ಅದು ಬರಲ್ಲ.

ಹಳೇಸೂಜಿ: ನನ್ ಹತ್ರ ಹತ್ತು ಸಾವಿರ ಇಲ್ಲಮ್ಮಾ. ಅವರ ಮನೆ ವಿಷ್ಯ ತಂದು ಹಾಡಿಗೆ ಅಂಟಿಸೋದು ನಂಗೆ ಹಿಡಿಸಲ್ಲ, ಅದು 1995ರ ಹಾಡು ಅಂತ ನೀವೇ ಅಂದ್ರಿ.

ನಿದ್ದೆಗೆಟ್ಟವಳು: ಹಾಡು 1995ರದ್ದು. ದನಿ 1995ರದ್ದಲ್ಲ.

ಡ್ರಮ್‌ತಲೆ: ಎಬಿಸಿಡಿನೂ ಸರಿ ಇಲ್ಲ. ದ ನಂಬರ್ಸ್ ಟೀ ಅಕ್ಷರದಿಂದ ಶುರು, ಪ್ರೆಸೆಂಟ್ ಟೆನ್ಸ್‌ಗಿಂತ ಮುಂಚೆ ಹೆಂಗ್ ಬಂತು?

ಹಳೇಸೂಜಿ: ಶುರುವಿನ 'ದ' ಬಿಟ್ಟು ಎಣಿಸ್ತಾರೆ ಮಾರಾಯ, ಲೈಬ್ರರಿ ನೋಡಿಲ್ವಾ.

ಡ್ರಮ್‌ತಲೆ: ಅದಿರ್ಲಿ, ನಿಮ್ಮ ಸ್ಪೆಷಲ್ ಎಡಿಷನ್ ಜೊತೆ ಮಾಸ್ಟರ್ ಟೇಪಿನ (ರೆಕಾರ್ಡ್ ಮಾಡಿದ ಮೂಲ ಟೇಪ್) ತುಂಡು ಕೊಟ್ಟಿದ್ರಲ್ಲ, ಮುಕ್ಕಾಲು ಸೆಕೆಂಡಿಂದು. ಏನಿದೆ ಅದ್ರಲ್ಲಿ?

ಹಳೇಸೂಜಿ: ನುಡಿಸೋ ಮಷೀನ್ ನನ್ನತ್ರ ಇಲ್ಲ. ಬಾಡಿಗೆಗೆ ವಿಚಾರಿಸ್ದೆ, ರೇಟ್ ಕೇಳಿ ಸುಮ್ನಾದೆ.

ಡ್ರಮ್‌ತಲೆ: ಮಾರ್ತೀರಾ?

ಹಳೇಸೂಜಿ: ಇಲ್ಲ.