ಶಾಲಾ ಸಂಸತ್ತಿನ ಮಂತ್ರಿಗಳಿಗೆ ಬ್ಯಾಡ್ಜ್ ಬಿಟ್ಟು ಬೇರೆ ಏನ್ ಕೆಲಸ ಕೊಡ್ತೀರ?

ತುಮಕೂರು ಟೀಚರ್:
ನಮಸ್ಕಾರ ಎಲ್ರಿಗೂ. ನಮ್ದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಏಳರವರೆಗೆ, ಒಟ್ಟು 73 ಮಕ್ಳು. ಹೋದ ವಾರ ಶಾಲಾ ಸಂಸತ್ತು ಎಲೆಕ್ಷನ್ ಮಾಡಿದ್ವಿ, ಮೊಬೈಲಲ್ಲಿ ವೋಟಿಂಗ್ ಆಪ್, ಒತ್ತಿದ್ರೆ ಬೀಪ್ ಅನ್ನತ್ತೆ, ಬೆರಳಿಗೆ ಮಾರ್ಕರ್ ಇಂಕು, ಭಾರಿ ಜೋರಾಗೇ ಆಯ್ತು, ಫೋಟೋನೂ ಗ್ರೂಪಿಗೆ ಹೋಯ್ತು. ಅಲ್ಲಿಗೆ ಮುಗೀತು. ಈಗ ಪ್ರಧಾನಿ ಪ್ರೇಯರಲ್ಲಿ ಸಾವಧಾನ್ ವಿಶ್ರಾಮ್ ಹೇಳ್ತಾನೆ, ಶಿಸ್ತು ಮಂತ್ರಿ ಮಾತಾಡಿದವ್ರ ಹೆಸ್ರು ಬೋರ್ಡ್ ಮೇಲೆ ಬರೀತಾಳೆ, ಉಳಿದವ್ರಿಗೆ ತಾವು ಯಾವ ಮಂತ್ರಿ ಅನ್ನೋದೇ ಮರ್ತೋಗಿದೆ. ನಾಯಕತ್ವದ ಬಗ್ಗೆ ಭಾಷಣ ಕೊಡೋಕೆ ನಂಗಿಷ್ಟ ಇಲ್ಲ. ನೀವು ಏನಾದ್ರೂ ಮಾಡಿಸಿ ಉಪಯೋಗ ಆಗಿದ್ರೆ ಹೇಳಿ.

ಹಾವೇರಿ ಮಾಸ್ತರ:
ಆಹಾರ ಮಂತ್ರಿಯಿಂದ ಶುರು ಮಾಡ್ರಿ ಟೀಚರ್. ನಮ್ಮಲ್ಲಿ ಹಾಜರಿ ಆದಮ್ಯಾಲೆ ಆಕಿ ಎಲ್ಲಾ ಕ್ಲಾಸಿಗೆ ಹೋಗಿ ತಲಿ ಎಣಿಸ್ಕೊಂಡು ಬರ್ತಾಳ. ಬಿಸಿಯೂಟದ ಲೆಕ್ಕ ನಿಮಗೂ ಗೊತ್ತೈತಿ, ಐದರತನಕ ತಲಿಗೆ 100 ಗ್ರಾಂ ಅಕ್ಕಿ, ಆರು ಏಳಕ್ಕ 150. ನಿಮ್ಮ 73 ಮಕ್ಕಳ್ದ ಹಿಡೀರಿ, 42 ಸಣ್ಣವು 31 ದೊಡ್ಡವು ಅಂದ್ರ 8 ಕೆಜಿ 850 ಗ್ರಾಂ. ಚೀಟಿ ಮ್ಯಾಲೆ ಬರದು ಅಡಿಗಿ ಅಕ್ಕಗ ಕೊಟ್ಟು ತಕ್ಕಡಿ ಮುಂದ ನಿಂದರಬೇಕು. ಮೊದಲ್ನೇ ವಾರ ಅಕ್ಕ "ನೀ ಏನ್ ನನಗ ಲೆಕ್ಕಾ ಹೇಳ್ತೀಯವ್ವ" ಅಂತ ಬೈದು ಕಳಿಸಿದ್ಲು, ಹುಡುಗಿ ಅಳ್ಕೋಂತ ಬಂತು. ಎದ್ದು ಹೋಗಿ ಅಕ್ಕಗ ಹೇಳಬೇಕು ಅನಸ್ತು ನನಗ, ಹೋಗ್ಲಿಲ್ರಿ. ಮರುದಿನ ಆಕಿನ ಹೋಗಿ "ಅಕ್ಕಾ, ನಿನ್ನೆ ಉಳದ ಅನ್ನ ದನಕ್ಕ ಹಾಕಿದ್ರಲ್ಲ, ಎಷ್ಟ ಇತ್ತು" ಅಂತ ಕೇಳಿದ್ಲಂತ. ಈಗ ಅಕ್ಕನ "ಮಂತ್ರಿ ಬರ್ಲಿ ತಡೀರಿ" ಅಂತಾಳ. ರೊಕ್ಕದ ರಿಜಿಸ್ಟರ್ ಮಾತ್ರ ಕೊಡಬ್ಯಾಡ್ರಿ, ಅದು ಹೆಡ್ ಮಾಸ್ತರ ತಲಿನೋವು.

ಶನಿವಾರದ ಮಿಸ್:
ಬೋರ್ಡ್ ಮೇಲೆ ಹೆಸರು ಬರೆಸೋದು ದಯವಿಟ್ಟು ನಿಲ್ಸಿ. ನನ್ನ ಮಗಳು ಆರನೇ ಕ್ಲಾಸಲ್ಲಿ ಅದೇ ಡ್ಯೂಟಿ ಮಾಡ್ತಿದ್ಲು, ಫ್ರೆಂಡ್ಸ್ ಹೆಸರು ಅಳಿಸೋದು, ಆಗದವರದ್ದು ಬರೆಯೋದು, ಕೊನೆಗೆ ಚಾಕ್ಲೇಟ್ ಲಂಚದವರೆಗೂ ಹೋಯ್ತು 😄 ನಮ್ಮ ಶಾಲೇಲಿ ಶನಿವಾರ ಅರ್ಧ ಗಂಟೆ ಪ್ರಶ್ನೋತ್ತರ ಇಡ್ತೀವಿ. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಅಂತ ಇರತ್ತಲ್ಲ, ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆನೂ ಕೇಳಬಹುದು, ಅದೇ ತರ. ಸೋತವರೆಲ್ಲ ವಿರೋಧ ಪಕ್ಷ, ಇಲ್ಲಾಂದ್ರೆ ಅವರು ಎಲೆಕ್ಷನ್ ಮಾರನೇ ದಿನದಿಂದ ಮೂಲೆಗೆ ಹೋಗ್ತಾರೆ. ಸ್ಪೀಕರ್ ಜಾಗಕ್ಕೆ ಮಾತೇ ಆಡದ ಮಗೂನ ಕೂರಿಸಿ, "ಕೂತ್ಕೊಳ್ಳಿ, ನಿಮ್ಮ ಟೈಂ ಆಯ್ತು" ಅಂತ ಮೊದಲ ಸಲ ಅಂದಾಗ ಅವಳ ಮುಖ ನೋಡಬೇಕಿತ್ತು ನೀವು.

ಪಂಚಾಯ್ತಿ ಮನುಷ್ಯ:
ನಾನು ಟೇಬಲ್ಲಿನ ಆ ಕಡೆ ಕೂರೋನು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡ್ತೀವಲ್ಲ, ಮಕ್ಕಳು ಟೀಚರ್ ಬರ್ಕೊಟ್ಟ ಚೀಟಿ ಓದ್ತಾರೆ, ಕಾಂಪೌಂಡ್ ಬೇಕು, ಆಟದ ಸಾಮಾನು ಬೇಕು, ನಾವೂ ಬರ್ಕೊಂಡು ಬಿಸ್ಕತ್ತು ಕೊಟ್ಟು ಕಳಿಸ್ತೀವಿ, ಸುಳ್ಳು ಯಾಕೆ ಹೇಳ್ಲಿ. ಒಂದ್ಸಲ ಒಬ್ಬ ಹುಡುಗ ಗೋಡೆ ಕ್ಯಾಲೆಂಡರ್ರೇ ಕಿತ್ಕೊಂಡು ಬಂದಿದ್ದ. ಶಾಲೆ ಶೌಚಾಲಯದ ಟ್ಯಾಂಕಿಗೆ ನೀರು ಬಂದ ದಿನಕ್ಕೆಲ್ಲ ಸುತ್ತು ಹಾಕಿದ್ದ, ತಿಂಗಳಿಗೆ 11 ಸುತ್ತು. ನೀರುಗಂಟಿ ಅಲ್ಲೇ ಕೂತಿದ್ದ ಪಾಪ. ಅಧ್ಯಕ್ಷರು ನಕ್ಕು ಮುಂದಿಂದು ಹೇಳಪ್ಪ ಅಂದ್ರು, ಹುಡುಗ "ಇದಕ್ಕೆ ತಾರೀಕು ಹೇಳಿ ಸಾರ್" ಅಂದವನು ಕೂರ್ಲೇ ಇಲ್ಲ. ಹೇಳಬೇಕಾಯ್ತು. ನಿಮ್ಮ ಆರೋಗ್ಯ ಮಂತ್ರಿಗೆ ಈಗಿಂದಾನೇ ಒಂದು ಕ್ಯಾಲೆಂಡರ್ ಕೊಡಿ.

ತುಮಕೂರು ಟೀಚರ್:
ತುಂಬಾ ಥ್ಯಾಂಕ್ಸ್. ತಕ್ಕಡಿ ಸೋಮವಾರದಿಂದ್ಲೇ. ಶನಿವಾರದ ಮಿಸ್, ಒಂದು ಡೌಟು, ಮಕ್ಳು ನಮ್ ಮೇಲೇ ಪ್ರಶ್ನೆ ಹಾಕಿದ್ರೆ? ನಮ್ ಹೆಡ್ ಮೇಷ್ಟ್ರು ಸ್ವಲ್ಪ ಬಿಸಿ.

ಶನಿವಾರದ ಮಿಸ್:
ಹಾಕೇ ಹಾಕ್ತಾರೆ. ನಮ್ಮಲ್ಲಿ ಮೊದಲನೇ ಪ್ರಶ್ನೆನೇ "ಮಿಸ್ ಕ್ಲಾಸಲ್ಲಿ ಫೋನ್ ನೋಡಬಹುದಾ" ಅಂತ. ಉತ್ತರ ಕೊಡೋಕೆ ಮುಂದಿನ ಶನಿವಾರದವರೆಗೆ ಟೈಂ ಕೇಳ್ದೆ, ಸ್ಪೀಕರ್ ಕೊಟ್ಲು.