ರೋಮನ್ ನಾಣ್ಯಗಳ ‘ದಿವುಸ್’: ದಿವಂಗತನೇ, ದೇವನೇ, ದೈವವೇ?

ಮಾನ್ಯರೇ,

ರೋಮಿನಲ್ಲಿ ತಿಬೇರಿಯಸ್ ಆಳುತ್ತಿದ್ದಾಗ (ಕ್ರಿ.ಶ. 14–37) ಟಂಕಿಸಿದ ‘ಆಸ್’ ಎಂಬ ನಾಣ್ಯವೊಂದಕ್ಕೆ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದೇನೆ. ಲೋಹ ತಾಮ್ರವಾದರೂ ಸಂಗ್ರಾಹಕರ ರೂಢಿಯಲ್ಲಿ ಇದೂ ಕಂಚಿನ ನಾಣ್ಯಗಳ ಸಾಲಿಗೇ ಸೇರುತ್ತದೆ. ಮುಂಬದಿಯಲ್ಲಿ ಕಿರಣಗಳ ಕಿರೀಟ ಧರಿಸಿದ, ಅವನಿಗಿಂತ ಹಿಂದಿನ ಚಕ್ರವರ್ತಿ ಆಗಸ್ಟಸ್‌ನ ತಲೆಯೂ ‘ದಿವುಸ್ ಆಗುಸ್ತುಸ್ ಪಾತೆರ್’ ಎಂಬ ಲ್ಯಾಟಿನ್ ಬರಹವೂ ಇವೆ, ಹಿಂಬದಿಯಲ್ಲಿ ಬಲಿಪೀಠವಿದೆ. ‘ಪಾತೆರ್’ ಎಂದರೆ ತಂದೆ, ಅದರಲ್ಲಿ ತೊಡಕಿಲ್ಲ. ತೊಡಕಿರುವುದು ‘ದಿವುಸ್’ ಎಂಬಲ್ಲಿ.

‘ದಿವಂಗತ’ ಎಂದು ಬರೆಯುವ ಆಸೆ ಸಹಜ. ಅಕ್ಷರಾರ್ಥದಲ್ಲಿ ಅದು ಸ್ವರ್ಗಕ್ಕೆ ಹೋದವನನ್ನೇ ಹೇಳುತ್ತದೆ. ಆದರೆ ಇಂದಿನ ಬಳಕೆಯಲ್ಲಿ ಸತ್ತವರೆಲ್ಲರೂ ದಿವಂಗತರು. ರೋಮಿನಲ್ಲಿ ಹಾಗಲ್ಲ: ಸತ್ತ ಚಕ್ರವರ್ತಿಗೆ ಸೆನೆಟ್ ವಿಧಿವತ್ತಾಗಿ ದೇವತ್ವವನ್ನು ಘೋಷಿಸಿದರೆ ಮಾತ್ರ ಈ ಬಿರುದು ಸಲ್ಲುತ್ತಿತ್ತು. ಆಗಸ್ಟಸ್‌ಗೆ ಸಂದದ್ದು ಸ್ವತಃ ತಿಬೇರಿಯಸ್‌ಗೆ ಸಲ್ಲಲಿಲ್ಲ.

‘ದೇವ’ ಎಂದರೆ ಇನ್ನೊಂದು ಬಗೆಯ ಗೊಂದಲ, ಏಕೆಂದರೆ ಜ್ಯೂಪಿಟರ್‌ನಂಥವರಿಗೆ ‘ದೆಉಸ್’ ಎಂಬ ಬೇರೆಯೇ ಪದ ಲ್ಯಾಟಿನ್ನಿನಲ್ಲಿದೆ. ಲ್ಯಾಟಿನ್ ಕವಿ ವರ್ಜಿಲನ ವ್ಯಾಖ್ಯಾನಕಾರ ಸೆರ್ವಿಯಸ್, ‘ದೆಉಸ್’ ಎಂದರೆ ಎಂದೆಂದೂ ಇರುವವರು, ‘ದಿವುಸ್’ ಎಂದರೆ ಮನುಷ್ಯರಾಗಿದ್ದು ದೇವರಾದವರು ಎಂದು ಬಿಡಿಸಿ ಹೇಳುತ್ತಾನೆ. (ರೋಮನ್ ವಿದ್ವಾಂಸ ವಾರೋ ಇದಕ್ಕೆ ತದ್ವಿರುದ್ಧವಾಗಿ ಹೇಳಿದ್ದನೆಂದೂ ಅವನೇ ಸೇರಿಸುತ್ತಾನೆ, ಪದಜಗಳ ಅಂದೂ ಇತ್ತು.)

ಈ ಭೇದವನ್ನು ಹೆಚ್ಚುಕಡಿಮೆ ಇದ್ದಂತೆಯೇ ಹಿಡಿದಿಡುವುದು ಕರಾವಳಿಯ ಬಳಕೆಯೆಂದು ನನಗನ್ನಿಸುತ್ತದೆ. ಅಲ್ಲಿ ದೇವರು ಬೇರೆ, ದೈವ ಬೇರೆ. ಕೋಟಿ-ಚೆನ್ನಯರಂತೆ, ಕಲ್ಕುಡ-ಕಲ್ಲುರ್ಟಿಯರಂತೆ ಮನುಷ್ಯರಾಗಿ ಬಾಳಿ ಸತ್ತವರೂ ದೈವಗಳಾಗುತ್ತಾರೆ. ಸೆನೆಟ್ಟಿನ ನಿರ್ಣಯದಂಥದ್ದು ಅಲ್ಲಿಲ್ಲ ಎಂಬ ವ್ಯತ್ಯಾಸವನ್ನು ಒಪ್ಪಿಕೊಂಡೇ ‘ದೈವವಾದ ಆಗಸ್ಟಸ್’ ಎಂದು ಬರೆಯಬಹುದೆನಿಸುತ್ತದೆ. ಪದ ನಪುಂಸಕಲಿಂಗದ್ದಾದ್ದರಿಂದ, ಚಕ್ರವರ್ತಿ ಆಂಟೋನಿನಸ್ ಪಯಸ್ ತನ್ನ ಮಡದಿ ತೀರಿಕೊಂಡ ಮೇಲೆ ಹೊರಡಿಸಿದ ನಾಣ್ಯಗಳ ‘ದಿವಾ ಫೌಸ್ತಿನಾ’ಳಿಗೂ ‘ದೈವವಾದ ಫೌಸ್ತಿನಾ’ ಎಂದು ಅದೇ ರೂಪ ಹೊಂದುತ್ತದೆ.

ಘಟ್ಟದ ಮೇಲಿನ ಓದುಗರಿಗೆ ‘ದೈವ’ ಎಂದೊಡನೆ ವಿಧಿ, ಹಣೆಬರಹ ಎಂಬ ಅರ್ಥವೇ ಮೊದಲು ಹೊಳೆಯುತ್ತದೆಯೇ? ‘ಆದ’ ಎಂಬ ಜೋಡಣೆಯಿಂದ ಆ ಸಂದೇಹ ತೀರುತ್ತದೆಯೇ, ಅಥವಾ ‘ದೈವತ್ವ ಪಡೆದ’ ಎಂದು ಬಿಡಿಸಿ ಬರೆಯುವುದೇ ಮೇಲೋ? ಬಲ್ಲವರು ತಿಳಿಸಬೇಕಾಗಿ ವಿನಂತಿ.