ಯಾವ ಊರಿಗೆ ಯಾವ ವಾಷಿಂಗ್ ಮಷಿನ್: ಒಂದು ಫಾರ್ವರ್ಡ್ ಮೇಲೆ ಎದ್ದ ಜಗಳ

ಗುಂಪು: ಎಲೆಕ್ಟ್ರಿಕಲ್ ಡಿಪ್ಲೊಮಾ 1994 ಬ್ಯಾಚ್

ಸುಮಾ ಬೆಂಗಳೂರು, 9:12
[ಹಲವು ಬಾರಿ ಫಾರ್ವರ್ಡ್ ಆಗಿರುವ ಚಿತ್ರ]
ಹಳೇ ವಾಷಿಂಗ್ ಮಷಿನ್‌ಗಳ ನಕ್ಷೆಯಂತೆ. ಹುಬ್ಬಳ್ಳಿ, ಕಲಬುರಗಿ ಕಡೆಗೆ ವಿಡಿಯೋಕಾನ್. ಬೆಂಗಳೂರು, ಮೈಸೂರಿಗೆ ಬಿಪಿಎಲ್, ಐಎಫ್‌ಬಿ. ಕರಾವಳಿಗೆ ವರ್ಲ್‌ಪೂಲ್. ಕೆಳಗೆ "ಜನ ತಮ್ಮ ಊರಿಗೆ ಹತ್ತಿರದ ಕಂಪನಿಯನ್ನೇ ನಂಬಿದರು" ಅಂತ ಇದೆ. ನನಗಂತೂ ಸರಿ ಅನ್ನಿಸ್ತು.

ಪ್ರಕಾಶ ಹುಬ್ಬಳ್ಳಿ, 9:20
ಹತ್ತಿರ ಅನ್ನೂದ ಖರೆ ಇದ್ರ ಹುಬ್ಬಳ್ಳಿ ತುಂಬ ಐಎಫ್‌ಬಿ ಇರಬೇಕಿತ್ತು. ಧಾರವಾಡ, ರಾಮನಗರ ದಾಟಿ ಅನಮೋಡ ಘಾಟ ಇಳದ್ರ ಗೋವಾ. ಅವರ ಫ್ಯಾಕ್ಟರಿ ಅಲ್ಲೇ ವೆರ್ಣಾದಾಗ ಐತಿ. ವಿಡಿಯೋಕಾನ್ ಔರಂಗಾಬಾದಿಂದ ಬರ್ತಿತ್ತು. ಎರಡರಾಗ ಯಾವುದು ಹತ್ರ, ನೀನ ಹೇಳು.

ರಾಘು ಮಂಗಳೂರು, 9:24
ಇನ್ನು ನಮ್ಮದು ಕೇಳು. ಟಿವಿಎಸ್ ವರ್ಲ್‌ಪೂಲ್ ಫ್ಯಾಕ್ಟರಿ ಇದ್ದದ್ದು ಪುದುಚೇರಿಯಲ್ಲಿ. ಸಮುದ್ರದ ಬದಿ ಹೌದು, ಆದ್ರೆ ಆ ಬದಿಯ ಸಮುದ್ರ ಮಾರಾಯ್ತಿ!

ಸುಮಾ ಬೆಂಗಳೂರು, 9:26
😂 ಸರಿ. ಆದ್ರೆ ಬಿಪಿಎಲ್ ನಮ್ದೇ ಅಲ್ವಾ?

ಶಿವಣ್ಣ ಕೋಲಾರ, 9:31
ಹುಟ್ಟಿದ್ದು 1963ರಾಗೆ ಪಾಲಕ್ಕಾಡಲ್ಲಿ, ಬೆಂಗಳೂರಿಗೆ ಬಂದಿದ್ದು ಆಮೇಲೆ. ಮಷಿನ್ ಒಳಗಿನ ತಂತ್ರಜ್ಞಾನ ಸಾನ್ಯೋದು. ಐಎಫ್‌ಬಿ ಅಂದ್ರೆ ಇಂಡಿಯನ್ ಫೈನ್ ಬ್ಲ್ಯಾಂಕ್ಸ್, 1974ರಾಗೆ ಶುರುವಾದ ಕೋಲ್ಕತ್ತಾ ಕಂಪನಿ. ವಾಷಿಂಗ್ ಮಷಿನ್ ಮಾಡೋ ವಿದ್ಯೆ ತಂದಿದ್ದು ಜರ್ಮನಿಯ ಬಾಷ್ ಕಡೆಯಿಂದ. "ನಮ್ಮೂರ ಕಂಪನಿ" ಅನ್ನೋ ಮಾತೇ ನಿಲ್ಲಲ್ಲ ಕಣಮ್ಮಾ.

ಪ್ರಕಾಶ ಹುಬ್ಬಳ್ಳಿ, 9:38
ಬ್ರ್ಯಾಂಡ್ ಬಿಡ್ರಿ. ಬಣ್ಣಾ ಹಚ್ಚೂದಿದ್ರ ನಕ್ಷೆಕ್ಕ ಮೂರ ಬಣ್ಣ ಸಾಕು: ಟ್ವಿನ್ ಟಬ್ (ಒಗ್ಯಾಕೊಂದು, ಹಿಂಡಾಕೊಂದು ಟಬ್), ಟಾಪ್ ಲೋಡ್ (ಮ್ಯಾಲಿಂದ ಅರಬಿ ಹಾಕೂ ಆಟೋಮ್ಯಾಟಿಕ್), ಫ್ರಂಟ್ ಲೋಡ್ (ಮುಂದಿನ ಬಾಗಲದಿಂದ ಹಾಕೂದು). ಅದನ್ನ ಹಚ್ಚಿದ್ದು ಕಂಪನಿ ಅಲ್ಲ, ನಳ. ಹುಬ್ಬಳ್ಳಿಗೆ ನೀರು ಸವದತ್ತಿ ಮಲಪ್ರಭಾದಿಂದ, ನೀರಸಾಗರದಿಂದ. ಕೆಲವು ದಿನಕ್ಕೊಮ್ಮೆ ಬಿಟ್ಟಾಗ ಬ್ಯಾರಲ್, ನೀರಿನ ತೊಟ್ಟಿ ತುಂಬಿಸ್ಕೋಬೇಕು. ಫ್ರಂಟ್ ಲೋಡಿಗೆ ನಳಾನ ಬೇಕು. ಟ್ವಿನ್ ಟಬ್ಬಿಗೆ ಬಕೀಟಲೆ ಸುರವಿದ್ರೂ ನಡೀತೈತಿ.

ಪ್ರಕಾಶ ಹುಬ್ಬಳ್ಳಿ, 9:40
ಮತ್ತ ಅದರಾಗ ಒಂದ ಸಾಬೂನ ನೀರಾಗ ಮೂರ ಸರ್ತಿ ಒಗೀಬಹುದು. ಒಂದ ತುಂಬಿಗೆ 35-40 ಲೀಟರ್. ಮೊದಲ ಬಿಳೇವು, ಆಮ್ಯಾಲ ಬಣ್ಣದ್ದು, ಕಡೀಕ ಕಾಲೊರಸು, ಹೊಲಕ್ಕ ಹಾಕ್ಕೊಂಡ ಹೋದ ಅರಬಿ. ಆಟೋಮ್ಯಾಟಿಕ್ ಮಷಿನ್ ಪ್ರತಿ ಸರ್ತಿ ನೀರು ಚೆಲ್ಲಿ ಹೊಸಾದು ಕೇಳ್ತೈತಿ. ಬ್ಯಾರಲ್ ನೀರು ಎಣಿಸಿ ಬಳಸೂ ಮನ್ಯಾಗ ಅದನ್ನ ಯಾರು ತರ್ತಾರ?

ಸುಮಾ ಬೆಂಗಳೂರು, 9:47
ಬೆಂಗಳೂರಲ್ಲೂ ಕಾವೇರಿ ನೀರು ದಿನ ಬಿಟ್ಟು ದಿನ ಬರೋ ಏರಿಯಾ ಬೇಕಾದಷ್ಟಿದ್ವು. ಆದ್ರೂ ಫ್ರಂಟ್ ಲೋಡ್ ಬಂತಲ್ಲ?

ಶಿವಣ್ಣ ಕೋಲಾರ, 9:55
ಅಲ್ಲಿ ಸಂಪ್, ಪಂಪ್, ಮೂರನೇ ಮಹಡಿ ಮೇಲೆ ಟ್ಯಾಂಕ್. ಪ್ರೆಶರ್ ತಾನಾಗೇ ಸಿಗ್ತೈತೆ. ಫ್ರಂಟ್ ಲೋಡಿಗೆ ನೀರು ಒಳಗೆ ಬಿಡೋ ಇನ್‌ಲೆಟ್ ವಾಲ್ವ್‌ಗೆ ಕಡಿಮೆ ಅಂದ್ರೂ 0.3 ಬಾರ್, ಅಂದ್ರೆ 3 ಮೀಟರ್ ಎತ್ತರದ ನೀರು ಬೇಕು. ಒಂದೇ ಅಂತಸ್ತಿನ ಮನೆ, ತಾರಸಿ 3 ಮೀಟರ್, ಅದರ ಮೇಲೇ ಟ್ಯಾಂಕ್, ನಲ್ಲಿ ನೆಲದಿಂದ 1 ಮೀಟರ್ ಅಂದ್ಕೋ. ಟ್ಯಾಂಕ್ ತಳಕ್ಕೆ ಬಂದಾಗ ಉಳಿಯೋದು 2 ಮೀಟರ್. ಮಷಿನ್ ನೀರಿಗೆ ಕಾಯ್ತಾ ಕೂತ್ಕೊಳ್ತೈತೆ. ಇನ್ನೊಂದು ತಮಾಷೆ ಅಂದ್ರೆ, ಆ ವಾಲ್ವಿನ ರಬ್ಬರ್ ಪೊರೆ ಮುಚ್ಚೋದೂ ನೀರಿನ ಒತ್ತಡದಿಂದಾನೇ. ಒತ್ತಡ ಕಮ್ಮಿ ಆದ್ರೆ ಪೂರ್ತಿ ಮುಚ್ಚಲ್ಲ, ಮಷಿನ್ ಆಫ್ ಆಗಿದ್ರೂ ಸಣ್ಣಗೆ ಜಿನುಗಿ ಡ್ರಮ್ ತುಂಬ್ತೈತೆ. ಜನ ವಾಲ್ವ್ ಕೆಟ್ಟೋಯ್ತು ಅಂತ ಬದಲಾಯಿಸ್ತಾರೆ, ಹೊಸದೂ ಅದನ್ನೇ ಮಾಡ್ತೈತೆ.

ರಾಘು ಮಂಗಳೂರು, 9:58
ಅದಕ್ಕೆ ಪರಿಹಾರ?

ಶಿವಣ್ಣ ಕೋಲಾರ, 10:03
ಮೊದಲು ಪೈಪ್ ಬಿಚ್ಚಿ ವಾಲ್ವ್ ಬಾಯಲ್ಲಿರೋ ಜಾಲರಿ ತೊಳಿ, ಅರ್ಧ ಕೇಸು ಅಲ್ಲೇ ಮುಗೀತೈತೆ. ಆಗಲಿಲ್ಲ ಅಂದ್ರೆ ಟ್ಯಾಂಕ್ ಸ್ಟ್ಯಾಂಡ್ ಒಂದೂವರೆ ಮೀಟರ್ ಎತ್ತರಿಸು, ಇಲ್ಲಾ ಫ್ಲೋ ಸ್ವಿಚ್ (ನೀರು ಹರಿದಾಗ ತಾನೇ ಆನ್ ಆಗೋ ಸ್ವಿಚ್) ಇರೋ ಸಣ್ಣ ಪ್ರೆಶರ್ ಪಂಪ್ ಹಾಕು. ಈಗ ಅದು ಸುಲಭ. 1992ರಾಗೆ ಯಾವನ್ ಹಾಕ್ತಿದ್ದ?

ಇಕ್ಬಾಲ್ ಕಲಬುರಗಿ, 10:15
ನೀರು ಒಂದೇ ಅಲ್ಲ, ಕರೆಂಟೂ ಲೆಕ್ಕಕ್ಕ ಹಿಡೀರಿ. ನಮ್ಮ ಕಡಿ ಬ್ಯಾಸಿಗ್ಯಾಗ 230 ಬರಬೇಕಾದಲ್ಲಿ 170 ವೋಲ್ಟ್ ಬಂದ್ರ ಭಾಳ ಅಂತಿದ್ರು. ಮೋಟರಿನ ತಿರುಗು ಬಲ ವೋಲ್ಟೇಜಿನ ವರ್ಗದ ಲೆಕ್ಕಕ್ಕ ಬೀಳ್ತದ. 230ರಲ್ಲಿ 100 ಇದ್ರ 170ರಲ್ಲಿ 55. ತುಂಬಿದ ಟಬ್ ಏಳಲ್ಲ, ಗುಂಯ್ ಅಂತದ, ವೈಂಡಿಂಗ್ ಕಾದು ಸುಡ್ತದ. ಟ್ವಿನ್ ಟಬ್ಬಿನಾಗ ಎರಡು ಚಾದರ ತೆಗದು ಹೊರಗ ಇಟ್ರ ಆಯ್ತು, ನಡೀತದ. ಫ್ರಂಟ್ ಲೋಡ್ ಬಾಗಿಲು ಹಾಕ್ಕೊಂಡಾದ ಮ್ಯಾಲ ಏನು ತೆಗೀತಿ?

ಇಕ್ಬಾಲ್ ಕಲಬುರಗಿ, 10:18
ಫ್ರಂಟ್ ಲೋಡ್ ಒಳಗ ನೀರು ಕಾಯಿಸೋ ಹೀಟರ್ ಇರ್ತದ, ಅದರ ಲೆಕ್ಕನೂ ನೋಡು. 2000 ವ್ಯಾಟ್ ಹೀಟರ್ 12 ಲೀಟರ್ ನೀರು 25ರಿಂದ 60 ಡಿಗ್ರಿಗೆ ಒಯ್ಯಲಿಕ್ಕ 15 ನಿಮಿಷ. 170 ವೋಲ್ಟಿನಾಗ ಅದೇ ಹೀಟರ್ 1100 ವ್ಯಾಟಿಗೆ ಇಳೀತದ, 27 ನಿಮಿಷ. ಹಳೇ ಟೈಮರ್ ನೀರು ಕಾಯೋತನಕ ಮುಂದ ಹೋಗಲ್ಲ. ಅಷ್ಟರಾಗ ಕರೆಂಟೇ ಹೋಗಿರ್ತದ.

ಶಿವಣ್ಣ ಕೋಲಾರ, 10:22
ಕೋಲಾರ, ಚಿಕ್ಕಬಳ್ಳಾಪುರದಾಗೆ ಹೀಟರಿಗೆ ಇನ್ನೊಂದು ಶತ್ರು, ಬೋರ್‌ವೆಲ್ ನೀರಿನ ಗಡಸು, ಅಂದ್ರೆ ನೀರಲ್ಲಿ ಕರಗಿರೋ ಸುಣ್ಣದಂಶ. ಕುಡಿಯೋ ನೀರಿಗೆ ಬಿಐಎಸ್ (ದೇಶದ ಗುಣಮಟ್ಟ ನಿಗದಿ ಮಾಡೋ ಸಂಸ್ಥೆ) ಒಪ್ಪೋದು ಲೀಟರಿಗೆ 200 ಮಿಲಿಗ್ರಾಂ, ಬೇರೆ ಗತಿ ಇಲ್ಲದಿದ್ರೆ 600. ಗಡಸು 500 ಇದ್ರೆ 15 ಲೀಟರ್ ನೀರಲ್ಲಿ ಏಳೂವರೆ ಗ್ರಾಂ ಸುಣ್ಣ. ಅದರಾಗೆ ಕಾಲು ಭಾಗ ಹೀಟರ್ ಮೇಲೆ ಕೂತ್ರೂ 200 ಒಗೆತಕ್ಕೆ ಹತ್ತಿರ ಹತ್ತಿರ 400 ಗ್ರಾಂ. ಹೀಟರ್ ಇಲ್ಲದ ಟ್ವಿನ್ ಟಬ್ಬಿಗೆ ಆ ಕಾಟಾನೇ ಇಲ್ಲ.

ಸುಮಾ ಬೆಂಗಳೂರು, 10:25
ಸುಣ್ಣಕ್ಕೆ ಟಾಯ್ಲೆಟ್ ಆ್ಯಸಿಡ್ ಹಾಕಿದ್ರೆ ಹೋಗುತ್ತೆ ಅಂತಾರಲ್ಲ?

ಶಿವಣ್ಣ ಕೋಲಾರ, 10:27
ಬೇಡ!! ಸುಣ್ಣದ ಜೊತೆ ಡ್ರಮ್ ಹಿಂದೆ ಅದನ್ನ ಹಿಡಿದಿರೋ ಮೂರು ಕಾಲಿನ ಅಲ್ಯೂಮಿನಿಯಂ ಚೌಕಟ್ಟನ್ನೂ ತಿಂದಾಕ್ತೈತೆ. ನಿಂಬೆಉಪ್ಪು 100 ಗ್ರಾಂ, ಬಟ್ಟೆ ಇಲ್ಲದೆ 60 ಡಿಗ್ರಿ ಓಟ. ಪದರ ದಪ್ಪ ಇದ್ರೆ ಇನ್ನೊಂದು ಸಲ. ಬ್ಲೀಚ್ ಜೊತೆ ಮಾತ್ರ ಬೆರೆಸಬೇಡ.

ರಾಘು ಮಂಗಳೂರು, 10:41
ನಿಮ್ಮ ಲೆಕ್ಕ ಎಲ್ಲ ಸರಿ, ಮಂಗಳೂರಿಗೆ ಮಾತ್ರ ತಾಗುವುದಿಲ್ಲ. ನಮ್ಮಲ್ಲಿ ನೀರು ಮೆದು, ಬಾವಿ ತುಂಬ ನೀರು ಉಂಟು, ಒಗೆಯುವ ಕಲ್ಲೂ ಉಂಟು. ಹಾಗಾದ್ರೆ ಟ್ವಿನ್ ಟಬ್ ಯಾಕೆ? ಬಟ್ಟೆ ತಿರುಗಿಸಿ ಹಿಂಡುವ ಸ್ಪಿನ್ನಿಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಬೇಕಲ್ಲ. ಟ್ವಿನ್ ಟಬ್ ಸ್ಪಿನ್ನರ್ 1350 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ಬುಟ್ಟಿಯ ತ್ರಿಜ್ಯ 12 ಸೆಂಟಿಮೀಟರ್: ಬಟ್ಟೆಯ ಮೇಲೆ ಗುರುತ್ವದ ಸುಮಾರು 240 ಪಟ್ಟು ಬಲ. 500 ಆರ್‌ಪಿಎಂನ ಫ್ರಂಟ್ ಲೋಡ್ ಆದ್ರೆ ಡ್ರಮ್ ದೊಡ್ಡದಿದ್ರೂ 65 ಪಟ್ಟು ಹತ್ತಿರ. ಲುಂಗಿ ಹಿಂಡಿ ನೀರು ಬರ್ತದಾ ನೋಡಿದ್ರೆ ವ್ಯತ್ಯಾಸ ಗೊತ್ತಾಗ್ತದೆ.

ರಾಘು ಮಂಗಳೂರು, 10:43
ಮತ್ತೆ ತುಕ್ಕು. ಉಪ್ಪುಗಾಳಿಗೆ ತಗಡಿನ ಬಾಡಿ ಕೆಳಗಿನ ಅಂಚಿಂದ ಹಿಡ್ಕೊಂಡು ತಿನ್ನಿಸಿಕೊಳ್ತದೆ. ಪ್ಲಾಸ್ಟಿಕ್ ಬಾಡಿಗೆ ಎಂತದೂ ಆಗುವುದಿಲ್ಲ. ಈಗ ಹಿತ್ತಿಲಲ್ಲಿ ಕಾಣುವ ಹಳೆಯ ಮಷಿನ್ ಎಲ್ಲ ಪ್ಲಾಸ್ಟಿಕ್ಕೇ. ಅದನ್ನೇ ನೋಡಿ ನಕ್ಷೆ ಮಾಡಿದ್ರೆ ಉಳಿದದ್ದರ ಲೆಕ್ಕ ಬರ್ತದೆ ಹೊರತು ಮಾರಾಟ ಆದದ್ದರದ್ದಲ್ಲ.

ಸುಮಾ ಬೆಂಗಳೂರು, 10:46
ಈ ಪಾಯಿಂಟ್ ಒಪ್ಪಿದೆ. ಆದ್ರೆ ಉಳಿಯೋದಕ್ಕೆ ಪಾರ್ಟ್ಸ್ ಸಿಗಬೇಕು, ಅದು ಬ್ರ್ಯಾಂಡ್ ಮೇಲೇ ಅಲ್ವಾ? ಅಂಗಡಿಯವನು ಯಾವುದಕ್ಕೆ ಮೆಕ್ಯಾನಿಕ್ ಸಿಗ್ತಾನೋ ಅದನ್ನೇ ಮಾರ್ತಾನೆ.

ಮಂಜು ಅಯೋವಾ, 10:50
ಇಲ್ಲಿ ರಾತ್ರಿ, ಆದ್ರೂ ಸುಮ್ನಿರಕ್ಕಾಗ್ತಿಲ್ಲ. ಸುಮಾ, ನೀನು ಹೇಳೋ "ಹತ್ತಿರದ ಕಂಪನಿ"ಗೆ ದೊಡ್ಡ ಉದಾಹರಣೆ ಅಂತ ಇಲ್ಲಿ ಮೇಟ್ಯಾಗ್ ತೋರಿಸ್ತಾರೆ. ಅಮೆರಿಕದ ಅಯೋವಾ ರಾಜ್ಯದ ನ್ಯೂಟನ್ ಅನ್ನೋ ಊರಿನ ಕಂಪನಿ, 1893ರದ್ದು. ಆದ್ರೆ ಹೊಲಮನೆಗಳಿಗೆ ಅದು ಹೊಕ್ಕಿದ್ದು ಟಬ್ ಕೆಳಗೆ ಪೆಟ್ರೋಲ್ ಎಂಜಿನ್ ಇದ್ದಿದ್ದಕ್ಕೆ. ಹಳ್ಳಿಗೆ ಕರೆಂಟೇ ಇರಲಿಲ್ಲ. ಎಂಜಿನ್ ಮಾಡೆಲ್ 92ಕ್ಕೆ ಒಂದು ಸಿಲಿಂಡರ್, 72ಕ್ಕೆ ಎರಡು. ಪೆಟ್ರೋಲಿಗೆ ಆಯಿಲ್ ಬೆರೆಸಿ, ಪೆಡಲ್ ಕಾಲಲ್ಲಿ ಒದ್ದು ಸ್ಟಾರ್ಟ್ ಮಾಡೋದು, ಹೊಗೆ ಪೈಪ್ ಮನೆಯಿಂದ ಆಚೆಗೆ. ನ್ಯೂಟನ್ ಪಕ್ಕದ ಊರಿಗೂ, ಸಾವಿರ ಮೈಲಿ ಆಚೆಯ ಹೊಲಕ್ಕೂ ಕಾರಣ ಒಂದೇ.

ಪ್ರಕಾಶ ಹುಬ್ಬಳ್ಳಿ, 10:53
ನಮ್ಮ ಬಕೀಟ, ಅವರ ಪೆಟ್ರೋಲ್! ಇನ್ನೊಂದು ಹೇಳ್ತೇನಿ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗ್ಯಾಗ ಕೆಲವ ವಾರ್ಡಿಗೆ 24×7 ನೀರು ಕೊಟ್ರು. ಅದ ಊರು, ಅವ ಅಂಗಡಿ. ನಕ್ಷೆ ಮಾಡಾವ್ರು ಆ ವಾರ್ಡು ಒಂದ್ ಕಡೆ, ಬಾಜೂಕಿನ ವಾರ್ಡು ಒಂದ್ ಕಡೆ ಇಟ್ಟು ಎಣಿಸಬೇಕಿತ್ತು.

ಇಕ್ಬಾಲ್ ಕಲಬುರಗಿ, 11:02
ಪಾರ್ಟ್ಸ್ ಮಾತಿಗೆ ಇದು ನೋಡ್ರಿ.
[ಫೋಟೊ]
ಗುಜರ್ಯಾಗ ಬಂದ ಟ್ವಿನ್ ಟಬ್, 900 ರೂಪಾಯಿ. ಸ್ಟಿಕ್ಕರ್ ಹೋಗ್ಯದ. ಒಗೆಯೋದು ನಡೀತದ, ಸ್ಪಿನ್ ಹಾಕಿದ್ರ ಗುಂಯ್ ಅಂತದ, ತಿರುಗಲ್ಲ. ಯಾವ ಬ್ರ್ಯಾಂಡ್ ಹೇಳು ಸುಮಾ.

ಸುಮಾ ಬೆಂಗಳೂರು, 11:04
ಗುಂಡಿ ನೋಡಿದ್ರೆ ವಿಡಿಯೋಕಾನ್ ಥರ ಇದೆ?

ರಾಘು ಮಂಗಳೂರು, 11:05
ನನಗೆ ಬಿಪಿಎಲ್ ಕಂಡಿತು.

ಇಕ್ಬಾಲ್ ಕಲಬುರಗಿ, 11:07
ಯಾವುದಾದ್ರೂ ಆಗ್ಲಿ, ಮೋಟರ್ ತಿರುಗಸೋ ಕೆಪಾಸಿಟರ್ 10+5 ಎಂಎಫ್‌ಡಿ (ಮೈಕ್ರೋಫ್ಯಾರಡ್; ಒಗ್ಯಾಕ 10, ಸ್ಪಿನ್ನಿಗೆ 5), ಬೆಂಗಳೂರಿನ ಎಸ್‌ಪಿ ರೋಡ್ ಅಂಗಡ್ಯಾಗ ಸ್ಟಿಕ್ಕರ್ ಕೇಳಲ್ಲ. ಬೆಲ್ಟ್ ಮ್ಯಾಲಿನ ನಂಬರ್ ಓದಿ ಅದನ್ನೇ ತಗೊಂಡ್ರ ಆಯ್ತು. ವಿಡಿಯೋಕಾನ್ 2018ರಾಗ ದಿವಾಳಿ ಕೋರ್ಟಿಗೆ ಹೋಯ್ತು, ಅದರ ಹಳೇ ಟ್ವಿನ್ ಟಬ್ ನಿಂತಾವೇನು? ಹಳೇ ಆಟೋಮ್ಯಾಟಿಕ್ ಬೋರ್ಡ್ ಸುಟ್ರ ಮಾತ್ರ ಕಂಪನಿ ಬೇಕು. ಇಷ್ಟರ ಮಟ್ಟಿಗೆ ಸುಮಾನ ಮಾತು ಖರೆ.

ಪ್ರಕಾಶ ಹುಬ್ಬಳ್ಳಿ, 11:10
ಸ್ಪಿನ್ನಿಗೆ ಕೆಪಾಸಿಟರ್ ಹಾಕಾಕ ಓಡಬ್ಯಾಡ. ಪ್ಲಗ್ ತಗದು ಮುಚ್ಚಳ ಹಾಕಿ ಬುಟ್ಟಿ ತಿರಗಸ ನೋಡು. ಮುಚ್ಚಳ ಹಾಕಿದಾಗ ತಂತಿ ಜಗ್ಗಿ ಬ್ರೇಕ್ ಬಿಡಬೇಕು, ತೆಗದಾಗ ತಂತಿ ಸಡಲಾಗಿ ಬ್ರೇಕ್ ಹಿಡೀಬೇಕು. ಹಳೇ ತಂತಿ ಉದ್ದಾಗಿರ್ತೈತಿ. ಮುಚ್ಚಳ ಹಾಕಿದ್ರೂ ಬ್ರೇಕ್ ಬಿಡೂದಿಲ್ಲ, ಮೋಟರ್ ಬ್ರೇಕಿನ ಜೋಡಿ ಕುಸ್ತಿ ಹಿಡೀತೈತಿ.

ರಾಘು ಮಂಗಳೂರು, 11:13
ಬುಟ್ಟಿಯ ಕೆಳಗೆ ರಬ್ಬರ್ ಬೆಲ್ಲೋ ಸೀಲ್ ನೋಡು. ಹರಿದಿದ್ರೆ ನೀರು ನೇರ ಸ್ಪಿನ್ ಮೋಟರಿಗೆ ಬೀಳ್ತದೆ. ಬುಟ್ಟಿ, ಮೋಟರ್ ಸೇರಿಸುವ ಕಪ್ಲಿಂಗಿನ 10ರ ಬೋಲ್ಟು ಸಡಿಲ ಮಾಡಿ ಬುಟ್ಟಿ ಎತ್ತಿದ್ರೆ ಸೀಲ್ ಕೈಗೆ ಬರ್ತದೆ. ಹಾಕುವಾಗ ಲಾಕ್ ನಟ್ ಮರೀಬೇಡ, 1350ರಲ್ಲಿ ಬೋಲ್ಟ್ ಹಾರಿದ್ರೆ ಹುಡುಗಾಟ ಅಲ್ಲ.

ಶಿವಣ್ಣ ಕೋಲಾರ, 11:15
ಒಗೆಯೋ ಟಬ್ ತಳದಾಗೆ ತಿರುಗೋ ತಟ್ಟೆ, ಪಲ್ಸೇಟರ್, ಅದರ ಸ್ಕ್ರೂನೂ ಬಿಚ್ಚು, ಕೆಳಗೆ ಚಿಲ್ಲರೆ, ಪಿನ್ನು, ನೂಲು ಸಿಗ್ತೈತೆ. ಆಮೇಲೆ ತಳಕ್ಕೆ ಜಾಲರಿ ಹಾಕು, ಇಲಿ ವೈರ್ ಕಡೀತಾವೆ. ಅರ್ಥಿಂಗ್ ಇರೋ ಮೂರು ಪಿನ್ ಸಾಕೆಟ್ ಆಗ್ಬೇಕು, ಎರಡು ಪಿನ್ ಬೇಡ.

ಇಕ್ಬಾಲ್ ಕಲಬುರಗಿ, 12:20
ಬುಟ್ಟಿ ಕೈಲೆ ತಿರಗಲ್ಲ, ಬಿಗಿ ಅದ. ತಂತಿನೇ. 15 ಮಿಲಿಮೀಟರ್ ಎಳದು ಕಟ್ಟಿದ, ಈಗ ಮುಚ್ಚಳ ಹಾಕಿದ್ರ ಸಲೀಸ ತಿರಗ್ತದ, ತೆಗದ್ರ ಹಿಡೀತದ. ಸ್ಪಿನ್ ಕೆಪಾಸಿಟರ್ ಅಳದ್ರ 5ರ ಜಾಗಾದಾಗ 3.2 ಬಂತು. ಅದೂ ಬದಲಿ.

ಪ್ರಕಾಶ ಹುಬ್ಬಳ್ಳಿ, 12:22
3.2 ಅಂದ್ರ ಎರಡೂ ತಪ್ಪು ಕೂಡ್ಯಾವ. ಬದಲಿ ಹಾಕಿ ಒಣ ಬುಟ್ಟಿ ಒಂದ ನಿಮಿಷ ಓಡಸು, ಆಮ್ಯಾಲ ಹಸೀ ಅರಬಿ ಹಾಕು.

ಸುಮಾ ಬೆಂಗಳೂರು, 12:30
ಒಳಗೆ ಮೋಟರ್ ಮೇಲೆ ಹೆಸರು ಇರುತ್ತಲ್ಲ, ಓದು.

ಇಕ್ಬಾಲ್ ಕಲಬುರಗಿ, 12:34
ಅದನ್ನೂ ಇಲಿ ತಿಂದದ.